ಕೊಳ್ಳೇಗಾಲಕ್ಕೆ ಯಾವಾಗ ಬರಲಿ?

ನಮ್ಮೂರು ಒಂದು ಕಾಲಕ್ಕೆ ಉತ್ತರದ ಊರಾಗಿತ್ತು. 1956ರ ತನಕ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಯ ಬಡಗಣ ಅಂಚು. ಭಾಷಾವಾರು ವಿಂಗಡಣೆಯಾಗಿ ಮೈಸೂರಿಗೆ ಸೇರಿದ್ದೇ ತಡ, ರಾಜ್ಯದ ತೆಂಕಣ ತುದಿಯಾಗಿ ಕೂತೆವು. ಊರೇನೂ ಒಂದಡಿ ಅಲುಗಲಿಲ್ಲ. ದಿಕ್ಕಿನ ವಿಷಯದಲ್ಲಿ ಇಷ್ಟು ಉದಾರಿಗಳಾದ ನಾವು ಕಾಲದ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಇಲ್ಲಿ ಏನು ನೋಡೋಣ ಅನ್ನುವ ಮೊದಲು ಇದು ಯಾವ ತಿಂಗಳು ಎಂದು ನೋಡಿಕೊಳ್ಳಬೇಕು.

ಬೆಂಗಳೂರಿನ ನೆಂಟರಿಗೆ ಇದನ್ನು ತಿಳಿಸಿ ಹೇಳುವುದೇ ಕಷ್ಟ. ಏಪ್ರಿಲ್ ತಿಂಗಳ ಭಾನುವಾರ ಕಾರು ತುಂಬ ಬಂದು ಭರಚುಕ್ಕಿಯ ಮುಂದೆ ನಿಲ್ಲುತ್ತಾರೆ. ಕಾದ ಬಂಡೆಯ ಮೇಲೆ ನಾಲ್ಕಾರು ಎಳೆ ನೀರು. ಜೋಳ ಸುಡುವವನು ತೆನೆಗೆ ಉಪ್ಪುಕಾರ ಉಜ್ಜುತ್ತ, "ಈಗ ಬಂದ್ರ ಏನದ ಸಾ? ಆಷಾಡ್ದಲ್ಲಿ ಬನ್ನಿ" ಅನ್ನುತ್ತಾನೆ. ಅವನಿಗಿಂತ ದೊಡ್ಡ ಗೈಡು ಇಲ್ಲಿ ಬೇರೆ ಯಾರೂ ಇಲ್ಲ.

ತಮಾಷೆಯೆಂದರೆ, ಆ ಆಷಾಢದಲ್ಲಿ ನಮ್ಮೂರಿನಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರುವುದಿಲ್ಲ. ಗಾಳಿ, ದೂಳು, ಒಂದಿಷ್ಟು ಮೋಡ, ಅಷ್ಟೆ. ನಮ್ಮ ಜಲಪಾತಕ್ಕೆ ನಮ್ಮ ಮಳೆ ಬೇಕಿಲ್ಲ. ಕೊಡಗಿನಲ್ಲಿ ಸುರಿದದ್ದು ಕೆಆರ್‌ಎಸ್‌ಗೆ, ವಯನಾಡಿನಲ್ಲಿ ಸುರಿದದ್ದು ಕಬಿನಿಗೆ ಬಂದು, ಅಲ್ಲಿ ಗೇಟು ಎತ್ತಿದರೆ ಇಲ್ಲಿ ಭರಚುಕ್ಕಿ ಎದ್ದು ಕೂರುತ್ತದೆ. ಹಾಗಾಗಿ ಬಲ್ಲವರು ಆಕಾಶ ನೋಡುವುದಿಲ್ಲ, ಪತ್ರಿಕೆ ನೋಡುತ್ತಾರೆ. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿತೋ, ಹೊರಡಬಹುದು. ಆಗ ಅಗಲಕ್ಕೂ ಹರಡಿಕೊಂಡು ಹತ್ತಾರು ಕವಲಾಗಿ ಬೀಳುವ ನೀರಿನ ತುಂತುರು ಮೇಲೆ ನಿಂತವರ ಕನ್ನಡಕದವರೆಗೂ ಬರುತ್ತದೆ. ನೀರು ಮಿತಿಮೀರಿದರೆ ಏನಾಗುತ್ತದೆಂದು ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯನ್ನು ಕೇಳಬೇಕು. ಸಾಲುಗಂಬದ ಆ ಕಲ್ಲುಸೇತುವೆಯ ಒಂದಷ್ಟು ಭಾಗ 2018ರ ಪ್ರವಾಹಕ್ಕೆ ಹೋಯಿತು.

ಆ ಖುಷಿಯಲ್ಲೇ ಹನೂರು ದಾಟಿ ಗೋಪಿನಾಥಂ ಮೇಲಾಸಿ ಹೊಗೇನಕಲ್ಲಿಗೂ ಹೋಗಿಬಿಡೋಣ ಅಂದುಕೊಂಡಿರೋ, ಕೆಟ್ಟಿರಿ. ಇಲ್ಲಿ ಧುಮುಕಿದ ನೀರೇ ಅಲ್ಲಿಗೆ ಹೋಗುವುದು. ಇಲ್ಲಿ ಜಲಪಾತೋತ್ಸವ ಆದಾಗ ಅಲ್ಲಿ ತೆಪ್ಪ ಬಂದ್. ಹೊಳೆ ಇಳಿದ ಮೇಲೆ, ದೀಪಾವಳಿಯ ಹೊತ್ತಿಗೆ ಹೋದರೆ ತೆಪ್ಪವೂ ಸಿಕ್ಕೀತು, ದಾರಿಯಲ್ಲಿ ಮಾದಪ್ಪನ ಬೆಟ್ಟದ ಜಾತ್ರೆಯೂ. ಬೇಡಗಂಪಣರ ಹೆಣ್ಣುಮಕ್ಕಳು 101 ಮಂದಿ ತಲೆಯ ಮೇಲೆ ಬಿಂದಿಗೆ ಹೊತ್ತು ಸಾಲಾಗಿ ಬರುವ ಹಾಲರವಿ ಆಗಲೇ. ಒಡೆಯರಪಾಳ್ಯದ ಟಿಬೆಟನ್ನರ ಊರಿಗೂ ಹೋಗಬಹುದು. ಆದರೆ ಚಳಿಗಾಲದಲ್ಲಿ ಅಲ್ಲಿನ ಬಹಳ ಜನ ಸ್ವೆಟರ್ ಮಾರಲು ಪಟ್ಟಣಗಳಿಗೆ ಹೋಗಿರುತ್ತಾರೆ.

ಜನವರಿ ಎಂದರೆ ಚಿಕ್ಕಲ್ಲೂರು. ಹುಣ್ಣಿಮೆಯ ರಾತ್ರಿ ಸಿದ್ದಪ್ಪಾಜಿ ಗುಡಿಯ ಮುಂದೆ, ಚಂದ್ರಮಂಡಲವೆಂದು ಕಟ್ಟಿದ ಆಕೃತಿಗೆ ಬೆಂಕಿ ಇಡುತ್ತಾರೆ. ಪೇಟೆಯವರು ಫೋನು ಎತ್ತಿ ಹಿಡಿದರೆ, ರೈತರು ಉರಿ ಯಾವ ಕಡೆಗೆ ವಾಲಿತು ಎಂದು ನೋಡುತ್ತಾರೆ. ಆ ದಿಕ್ಕಿಗೆ ಈ ವರ್ಷ ಮಳೆ ಬೆಳೆ ಚೆನ್ನ. ಐದು ದಿನದ ಜಾತ್ರೆ. ಜನ ಬಯಲಲ್ಲೇ ಬಿಡಾರ ಹೂಡಿ, ಒಲೆ ಹಚ್ಚಿ, ನೀಲಗಾರರ ತಂಬೂರಿ ಕೇಳುತ್ತ ಉಳಿಯುತ್ತಾರೆ. ಈಗಿನವರು ಇದಕ್ಕೇ ದುಡ್ಡು ಕೊಟ್ಟು ಕ್ಯಾಂಪಿಂಗ್ ಅನ್ನುತ್ತಾರೆ.

ಟ್ರೆಕ್ಕಿಂಗಿಗೂ ನಮ್ಮಲ್ಲಿ ಕೊರತೆಯಿಲ್ಲ. ಶಿವರಾತ್ರಿ ಸಮೀಪಿಸಿದರೆ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದವರೆಗಿನ ಸುಮಾರು 80 ಕಿಲೋಮೀಟರ್ ರಸ್ತೆಯ ಮಗ್ಗುಲು ತುಂಬ ಜನ. ಕನಕಪುರದ ಕಡೆಯವರು ಕಾವೇರಿ ದಾಟಿ ಕಾಡುಹಾದಿ ಹಿಡಿದೇ ಬರುತ್ತಾರೆ. ತಲೆಯ ಮೇಲೆ ಗಂಟು, ಹೆಗಲ ಮೇಲೆ ಟವೆಲ್ಲು, ಕೆಲವರ ಚಪ್ಪಲಿ ಕಾಲಲ್ಲಿರದೆ ಕೈಯಲ್ಲಿ. ಹಳ್ಳಿ ಬಂದಾಗಲೆಲ್ಲ ಯಾರೋ ಮಜ್ಜಿಗೆ, ಪಾನಕ ಹಿಡಿದು ನಿಂತಿರುತ್ತಾರೆ. ಕುಡಿಯದೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ತಾಳಬೆಟ್ಟದಲ್ಲಿ ಕಾಯಿ ಒಡೆದು, "ಉಘೇ" ಎಂದು ಒಂದು ಗುಂಪು ಕೂಗಿದರೆ ಸುಸ್ತಾದ ಇನ್ನೊಂದು ಗುಂಪಿನ ಕಾಲಿಗೂ ಕಸುವು ಬರುತ್ತದೆ. ಈ ನಡಿಗೆಗೆ ಶೂಸು, ಬಾಟಲಿ, ಆ್ಯಪು ಯಾವುದೂ ಬೇಕಾಗಿಲ್ಲ.

ಬೇಸಿಗೆಯಲ್ಲಿ ಕಾಡಿನ ಕಡೆ ತಲೆ ಹಾಕದಿರುವುದೇ ವಾಸಿ. ಹುಲ್ಲು ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಮೀಸಲು ಬೇರೆ. ದೊಡ್ಡ ಜಾತ್ರೆಯ ತೇರಿಗೆ ಹೋಗುವವರು ಹೋಗಿ ಬರಲಿ. ಸೋಲಿಗರಿಗೆ ರಂಗಯ್ಯ ಭಾವ, ತಮ್ಮ ಕುಸುಮಾಲೆಯನ್ನು ಲಗ್ನವಾದವನು. ಭಾವನ ಮನೆಗೆ ಅವರಿಗೆ ಯಾವ ಕಾಲವಾದರೂ ಸರಿ. ಮಿಕ್ಕವರು ಒಂದೆರಡು ಮಳೆ ಬಿದ್ದ ಮೇಲೆ ಹೊರಡಿ. ಆಗ ಬೆಟ್ಟ ಹಸಿರಾಗಿರುತ್ತದೆ, ದೊಡ್ಡ ಸಂಪಿಗೆಯ ಬುಡದಲ್ಲಿ ಹಳ್ಳ ಹರಿಯುತ್ತಿರುತ್ತದೆ.

ಕಾಲದ ಹಂಗಿಲ್ಲದ ಜಾಗವೂ ಒಂದಿದೆ. ಬೆಟ್ಟಕ್ಕೆ ಹೋಗುವ ಕಾರುಗಳೆಲ್ಲ ಯಳಂದೂರನ್ನು ಹಾರ್ನ್ ಹೊಡೆದುಕೊಂಡು ದಾಟಿಬಿಡುತ್ತವೆ. ಅಲ್ಲೇ ಪೇಟೆಯ ನಡುವೆ, ಪದಿನಾಡಿನ ಅರಸರ ಕಾಲದ ಗೌರೀಶ್ವರ ದೇವಸ್ಥಾನದ ಮುಂದೆ ಬಳೆಮಂಟಪ ನಿಂತಿದೆ. ಮೂಲೆಯಲ್ಲಿ ಇಳಿಬಿದ್ದ ಸರಪಳಿಯ ಬಳೆಗಳನ್ನು ಒಂದರೊಳಗೊಂದು ತೂರಿಸಿದ್ದಲ್ಲ, ಒಂದೇ ಕಲ್ಲಿನಲ್ಲಿ ಕಡೆದದ್ದು. ಮಳೆ, ಬಿಸಿಲು, ಜಾತ್ರೆ ಯಾವುದಕ್ಕೂ ಕಾಯಬೇಕಾಗಿಲ್ಲ. ಮುಂದಿನ ಸಲ ಬೆಟ್ಟಕ್ಕೆ ಹೊರಟಾಗ ಒಂದು ಕಾಲು ಗಂಟೆ ಗಾಡಿ ನಿಲ್ಲಿಸಿ ಇಳಿಯಿರಿ.