ಕೆಂಪು, ಕಪ್ಪು, ಬಿಳಿ

ಕುಮಾಸಿ, ಘಾನಾ
4 ಮಾರ್ಚ್ 2025, ಮಂಗಳವಾರ
ಪಕ್ಕದ ಮನೆಯ ಅಜ್ಜಿಯ ಮಣ್ಣು ಶನಿವಾರ. ತೀರಿಕೊಂಡು ತಿಂಗಳ ಮೇಲಾಯಿತು. ಇಲ್ಲಿ ಯಾರಿಗೂ ಅವಸರವಿಲ್ಲ. ಏನು ಉಡಲಿ ಎಂದು ಅವರ ಮಗಳನ್ನು ಕೇಳಿದೆ. ಶನಿವಾರ ಕೆಂಪು-ಕಪ್ಪು, ಭಾನುವಾರ ಚರ್ಚಿಗೆ ಬಿಳಿ-ಕಪ್ಪು ಎಂದಳು. ನನ್ನ ಪೆಟ್ಟಿಗೆಯಲ್ಲಿರುವ ಕೆಂಪೆಲ್ಲ ಮದುವೆಯ ಕೆಂಪು.

5, ಬುಧವಾರ
ನೇಕಾರರ ಹಳ್ಳಿ ಬೊನ್ವಿರೆಗೆ ಹೋಗಿದ್ದೆ. ನಾಲ್ಕೇ ಇಂಚು ಅಗಲದ ಪಟ್ಟಿ. ಹುಡುಗ ಕಾಲ್ಬೆರಳ ಸಂದಿಗೆ ಹಗ್ಗ ಸಿಕ್ಕಿಸಿಕೊಂಡು ಎಳೆಗಳನ್ನು ಎತ್ತಿಳಿಸುತ್ತಾನೆ. ಉದ್ದಕ್ಕೆ ಚಾಚಿದ ಹಾಸನ್ನು ದೂರದಲ್ಲೊಂದು ಕಲ್ಲು ಬಿಗಿಹಿಡಿದಿರುತ್ತದೆ. ಇಂಥ ಪಟ್ಟಿಗಳನ್ನು ಒಂದರ ಪಕ್ಕ ಒಂದು ಹೊಲಿದರೆ ಕೆಂಟೆ.
ಮಗ್ಗದ ಮೇಲೆ ಕೂತವರೆಲ್ಲ ಗಂಡಸರು. ಹೆಂಗಸರು ನೇಯಬಾರದೆಂಬುದು ಹಳೆಯ ಕಟ್ಟಳೆ. ನಮ್ಮೂರು ಗುಳೇದಗುಡ್ಡದಲ್ಲಿ ಅವ್ವ ಜನ್ಮವೆಲ್ಲ ಕಂಡಿಕೆ ಸುತ್ತಿದಳು. ನೇಕಾರ ಅನ್ನಿಸಿಕೊಂಡವನು ಅಪ್ಪ. ಸಿಟ್ಟು ಯಾರ ಮೇಲೆ ಬಂತೋ ತಿಳಿಯಲಿಲ್ಲ.

6, ಗುರುವಾರ
ಸ್ವಾತಂತ್ರ್ಯ ದಿನ, ರಜೆ. ಟಿವಿಯಲ್ಲಿ 1957ರ ಎನ್‌ಕ್ರುಮಾ, ದೇಶದ ಮೊದಲ ನಾಯಕ. ಸ್ವಾತಂತ್ರ್ಯ ಸಾರಿದ ಆ ನಡುರಾತ್ರಿ ಅವರು ತೊಟ್ಟಿದ್ದು ಇಲ್ಲಿಯ ಅಸಾಂತೆಯವರ ಕೆಂಟೆಯಲ್ಲ, ಉತ್ತರದವರ ಒರಟು ಫುಗು ಅಂಗಿ. ಜಾಣ.

7, ಶುಕ್ರವಾರ
ಕೆಜೇಟಿಯಾ ಸಂತೆಯಲ್ಲಿ ಕಪ್ಪು ಬಟ್ಟೆ ಕೊಂಡೆ. ಪಕ್ಕದಲ್ಲೇ ಯಂತ್ರದಲ್ಲಿ ಅಚ್ಚು ಹಾಕಿದ ಕೆಂಟೆ, ರಾಶಿರಾಶಿ, ಅಗ್ಗ. ಮೋಸ ಅನ್ನಿಸಿತು.
ಮಧ್ಯಾಹ್ನ ಎನ್ಟೊನ್ಸೊ ಹಳ್ಳಿ. ಮರದ ತೊಗಟೆ ಕುದಿಸಿದ ಕಪ್ಪು ರಸದಲ್ಲಿ ಸೋರೆಬುರುಡೆಯ ಅಚ್ಚು ಅದ್ದಿ ಬಟ್ಟೆಗೆ ಒತ್ತುತ್ತಾರೆ. ಅದಿಂಕ್ರಾ. ಇದೂ ಅಚ್ಚೇ ಅಲ್ಲವೇ? ಇದಕ್ಕೆ ಕೈಮುಗಿದು ಅದನ್ನು ಬೈದದ್ದು ಯಾಕೆ? ಉತ್ತರ ಹೊಳೆಯಲಿಲ್ಲ. ಈಗ ಉಳಿದಿರುವ ಅದಿಂಕ್ರಾಗಳಲ್ಲೆಲ್ಲ ಹಳೆಯದು 1817ರಲ್ಲಿ ಇಂಗ್ಲಿಷ್ ಪ್ರವಾಸಿ ಬೌಡಿಚ್ ಕೈಸೇರಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತಿದೆ.

8, ಶನಿವಾರ, ರಾತ್ರಿ 11
ಕಿವಿಯಲ್ಲಿ ಇನ್ನೂ ನಗಾರಿ. ಗಂಡಸರು ಎಡಭುಜದ ಮೇಲೆ ಬಟ್ಟೆ ಹೊದ್ದು, ಬಲಭುಜ ಬರಿದು. ಊರ ಮುಖ್ಯಸ್ಥ ಬಂದಾಗ ಹೊದಿಕೆ ಭುಜದಿಂದಿಳಿಸಿ, ಚಪ್ಪಲಿ ಬಿಟ್ಟು ಮುಂದೆ ಹೋದರು. ಅಂಗಳವೆಲ್ಲ ಕೆಂಪು-ಕಪ್ಪು. ಹಳದಿ, ಹಸಿರು, ನೀಲಿ ಮಿನುಗುತ್ತಿದ್ದುದು ಅಜ್ಜಿಯ ಮೈಮೇಲಿನ ಕೆಂಟೆಯಲ್ಲಿ ಮಾತ್ರ. ಅಳು ಬರಲಿಲ್ಲ. ಬಟ್ಟೆ ನೋಡುತ್ತಾ ನಿಂತುಬಿಟ್ಟೆ.

9, ಭಾನುವಾರ
ಬಿಳಿ-ಕಪ್ಪು. ನಿನ್ನೆ ಅತ್ತವರೇ ಇವತ್ತು ಕುಣಿದರು. ಕೆಂಟೆಯನ್ನು ಹೂಳಲಿಲ್ಲವಂತೆ, ಪೆಟ್ಟಿಗೆಗೆ ಸೇರಿದೆ. ಕೀಲಿ ಮಗಳ ಬಳಿ. ಮುಂದೆ ಅದು ಅವಳ ಮಗಳಿಗೆ. ಅಸಾಂತೆಯವರು ವಂಶ ಎಣಿಸುವುದು ತಾಯಿಯಿಂದ.