ಹೊಳೆ ಬೆನ್ನಟ್ಟಿದಾಗ

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ 32 ಗೇಟುಗಳನ್ನೂ ಎತ್ತಿದರು. ಬೆಳಗಾದರೆ ನದಿದಂಡೆಯ ಊರಿಗೆಲ್ಲ ಎಚ್ಚರಿಕೆ!

ನಮ್ಮ ಸರ್ವರ್ ಇದ್ದದ್ದು ಕಂಪ್ಲಿಯಲ್ಲಿ, ಹೊಳೆ ಹತ್ತಿರದ ಗೊಬ್ಬರದ ಗೋದಾಮಿನ ನೆಲಮಾಳಿಗೆಯಲ್ಲಿ. ಮೂರು ಊರಿನ ಅಂಗಡಿಗಳ ದಾಸ್ತಾನು, ರೈತರ ಉದ್ರಿ ಲೆಕ್ಕ ಎಲ್ಲ ಅದರ ಹೊಟ್ಟೆಯೊಳಗೆ. ಭಾನುವಾರವೇ ಅದನ್ನು ಬಿಚ್ಚಿ, ಕಾರಿನಲ್ಲಿ ಹಾಕಿಕೊಂಡು, ಕಮಲಾಪುರದ ಮೇಲಿಂದ ಹೊಸಪೇಟೆಗೆ ಓಡಿದೆವು. ಅಲ್ಲಿ ಹೊಸ ಯಂತ್ರ ಕಾದಿತ್ತು: ವೇಗದ ಎಸ್‌ಎಸ್‌ಡಿ, ಹಳೆಯದರ ನಾಲ್ಕು ಪಟ್ಟು ಮೆಮೊರಿ. ಹಳೆ ಡಿಸ್ಕಿನ ಕಡತಗಳನ್ನು ಇದ್ದಂತೆಯೇ ನಕಲಿಸಿ, ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಿದ್ದಾಯಿತು.

ಸೋಮವಾರ ಅಂಗಡಿ ತೆರೆಯಿತು. ಬಿಲ್ ಬರಲಿಲ್ಲ!

ಭತ್ತದ ನಾಟಿಯ ದಿನಗಳು. ಡ್ಯಾಮಿನ ನೀರೆಲ್ಲ ಹರಿದುಹೋಗುತ್ತಿದೆ ಎಂಬ ದಿಗಿಲಿನಲ್ಲಿದ್ದ ರೈತರು ಕೌಂಟರ್ ಮುಂದೆ ಕುದಿಯುತ್ತಿದ್ದರು. ಸಂಡೂರಿನ ಅಂಗಡಿಯಿಂದ ಫೋನಿನ ಮೇಲೆ ಫೋನು. ಸಾಹುಕಾರ್ರು ಬಾಗಿಲಲ್ಲೇ ನಿಂತರು: "ಏನ್ರೀ ಇದು, ಹೊಸಾ ಮಷಿನ್ ಹಳೇದ್ಕಿಂತ ನಿಧಾನ ಆತಲ್ರೀ? ಹಳೇದನ್ನೇ ಹಚ್ಚಿಬಿಡ್ರಿ!"

"ಅರ್ಧ ತಾಸು ಕೊಡ್ರಿ ಅಣ್ಣಾರ."

ಎದೆ ಹೊಡೆದುಕೊಳ್ಳುತ್ತಿತ್ತು. ಇಂಥ ಹೊತ್ತಲ್ಲಿ ಕೈಗೆ ಸಿಕ್ಕ ಸೆಟ್ಟಿಂಗನ್ನೆಲ್ಲ ತಿರುವಿದರೆ ಕಥೆ ಮುಗಿದಂತೆ. ಯಾವುದರಿಂದ ಏನಾಯಿತು ಎಂಬುದೇ ತಿಳಿಯುವುದಿಲ್ಲ. ಮೊದಲು ಅಳತೆ, ಆಮೇಲೆ ಕೈ.

ನೆಟ್‌ವರ್ಕೇ? ಸರ್ವರ್ ಎದುರೇ ಕೂತು ಓಡಿಸಿದರೂ ಅಷ್ಟೇ ನಿಧಾನ. ಅಲ್ಲ. ಡಿಸ್ಕೇ? ಅದು ಕೆಲಸವಿಲ್ಲದೆ ಕೂತಿತ್ತು. ಕ್ಯಾಶ್ ಇನ್ನೂ ತಣ್ಣಗಿದೆಯೇ? ಎರಡನೇ ಸಲ ಓಡಿಸಿದರೂ ವೇಗ ಏರಲಿಲ್ಲ. ಪ್ರೊಸೆಸರ್‌ನ ಒಂದು ಕೋರ್ ಮಾತ್ರ ನೂರಕ್ಕೆ ನೂರು ಉರಿಯುತ್ತಿತ್ತು. ಹಾಗಾದರೆ ಯಂತ್ರ ನಿರಪರಾಧಿ. ಅದಕ್ಕೆ ಹೇಳಿದ ಕೆಲಸವೇ ತಪ್ಪು!

ಡೇಟಾಬೇಸ್ ಕೆಲಸವನ್ನು ಹೇಗೆ ಮಾಡುತ್ತಿದೆ ಎಂದು ತೋರಿಸುವ 'ಎಕ್ಸ್‌ಪ್ಲೇನ್ ಅನಲೈಸ್' ಒತ್ತಿದೆ. ಕಳ್ಳ ಸಿಕ್ಕ. ಅಂದಾಜು ಕೆಲವೇ ಸಾಲು. ನಿಜಕ್ಕೆ ಬಂದದ್ದು ಲಕ್ಷಗಟ್ಟಲೆ. ಕೆಲವೇ ಸಾಲೆಂದು ನಂಬಿ ಪ್ಲ್ಯಾನರ್ ಆರಿಸಿದ ದಾರಿಯಲ್ಲಿ ಡೇಟಾಬೇಸ್ ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ಲಿಗೆ ಹೋಗಿ ಹೋಗಿ ಬರುತ್ತಿತ್ತು. ಕಾರಣ? ಟೇಬಲ್ಲಿನಲ್ಲಿ ಏನು ಎಷ್ಟಿದೆ ಎಂಬ ಅಂಕಿಅಂಶಗಳನ್ನು ಆವೃತ್ತಿ ಏರಿಸುವ ಪಿಜಿ-ಅಪ್‌ಗ್ರೇಡ್ ಎಂಬ ಸಾಧನ, ಆ ಆವೃತ್ತಿಯಲ್ಲಿ, ತನ್ನೊಂದಿಗೆ ಒಯ್ಯುವುದಿಲ್ಲ. ದತ್ತಾಂಶ ಬಂದಿತ್ತು, ಅದರ ಅರಿವು ಬಂದಿರಲಿಲ್ಲ. ಅಂಕಿಅಂಶಗಳನ್ನು ಹೊಸದಾಗಿ ಕಲೆಹಾಕಲು ಇಡೀ ಡೇಟಾಬೇಸಿಗೆ 'ಅನಲೈಸ್' ಕೊಟ್ಟೆ. ಬಿಲ್ಲುಗಳು ದಬದಬ ಬಿದ್ದವು! ಕೌಂಟರಿನಲ್ಲಿ ಕೇಕೆ.

ಆಗಲೇ ಕಂಪ್ಲಿ ಅಂಗಡಿಯ ಹುಡುಗ ಫೋನಿನಲ್ಲಿ ಕೂಗಿದ: "ಸರ್, ಈ ರೈತರ ಖಾತೆನೇ ಇಲ್ಲಂತ ತೋರ್ಸ್ತೈತ್ರೀ!"

ರಕ್ತ ತಣ್ಣಗಾಯಿತು. ಹಳೆ ಗಿರಾಕಿ, ಖಾತೆ ಇರಲೇಬೇಕು. ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಹುಡುಕಿಸಿದೆ. ಸಿಕ್ಕಿತು! ಅಂದರೆ ಸಾಲು ಇದೆ, ಇಂಡೆಕ್ಸೇ ದಾರಿ ತಪ್ಪಿದೆ. ಲಿನಕ್ಸಿನ ಲೈಬ್ರರಿಯಾದ ಜಿಲಿಬ್‌ಸಿ 2018ರಲ್ಲಿ 2.28ನೇ ಆವೃತ್ತಿಗೆ ಬಂದಾಗ ಪದಗಳ ವಿಂಗಡಣೆಯ ಕ್ರಮ ಬದಲಾಯಿತು. ಅಡ್ಡಗೆರೆ ಇರುವ '1-1', ಇಲ್ಲದ '11' ಇವುಗಳಲ್ಲಿ ಯಾವುದು ಮುಂದೆ ಎಂಬುದೇ ತಿರುವುಮುರುವು. ನಮ್ಮ ಖಾತೆ ಸಂಖ್ಯೆಗಳಲ್ಲೆಲ್ಲ ಅಡ್ಡಗೆರೆ. ಹಳೆ ಲಿನಕ್ಸಿನ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸನ್ನು ಹೊಸ ಯಂತ್ರದ ಹೊಸ ಲಿನಕ್ಸ್ ತನ್ನ ಕ್ರಮದಲ್ಲಿ ಓದುತ್ತಿತ್ತು.

ನಿಧಾನವಾದರೆ ಜನ ಬೈಯುತ್ತಾರೆ. ತಪ್ಪು ಉತ್ತರ ಬಂದರೆ ನಂಬುತ್ತಾರೆ. 'ಇಲ್ಲ' ಎಂದ ಖಾತೆಯನ್ನು ಹೊಸದಾಗಿ ತೆರೆದರೆ ಒಬ್ಬನ ಸಾಲ ಎರಡು ಕಡೆ ಹರಿದು ಹಂಚಿಹೋಗುತ್ತದೆ.

"ಮೂರೂ ಕಡೆ ಬಿಲ್ಲಿಂಗ್ ನಿಲ್ಸ್ರಿ! ಈಗ್ಲೇ!"

"ಈಗ ತಾನೇ ಓಡಾಕ ಹತ್ತೇತಿ, ಮತ್ತ ನಿಲ್ಸೂದಾ?" ಸಾಹುಕಾರ್ರು ಗುಡುಗಿದರು. ಕಾರಣ ಕೇಳಿದ ಮೇಲೆ ತಾವೇ ಕೌಂಟರಿಗೆ ಹೋಗಿ, ಸರದಿಯಲ್ಲಿ ನಿಂತವರಿಗೆಲ್ಲ ಚಹಾ ಹೇಳಿದರು. ಪಠ್ಯದ ಇಂಡೆಕ್ಸುಗಳೆಲ್ಲ 'ರೀಇಂಡೆಕ್ಸ್' ಆದವು. ಬೆಳಗಿನಿಂದ ತೆರೆದ ಹೊಸ ಖಾತೆಗಳನ್ನು ಒಂದೊಂದಾಗಿ ತಾಳೆ ನೋಡಿದೆವು. ಹಳೆ ಯಂತ್ರವನ್ನು ಓದಲಿಕ್ಕಷ್ಟೇ ತೆರೆದು, ಎರಡರ ದಾಸ್ತಾನೂ ಬಾಕಿಯೂ ಹೊಂದುತ್ತವೆಯೇ ಎಂದು ನೋಡಿದ ಮೇಲೇ ಬಿಲ್ಲಿಂಗ್ ಮತ್ತೆ ಶುರು.

ಅದೇ ವಾರದ ಕೊನೆಯಲ್ಲಿ ಡ್ಯಾಮ್ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿ 19ನೇ ಗೇಟಿನ ಬಾಯಿ ಮುಚ್ಚಿದರು. ಡ್ಯಾಮಿನಲ್ಲಿ ನೀರು ಉಳಿಯಿತು, ಊರಲ್ಲಿ ನಾಟಿ ಮುಂದುವರಿಯಿತು, ನಮ್ಮ ಕೌಂಟರಿನಲ್ಲಿ ಯೂರಿಯಾ ಬಿಲ್ಲು ಹರಿಯಿತು. ಸರ್ವರ್ ಮಾತ್ರ ಕಂಪ್ಲಿಗೆ ಮರಳಲಿಲ್ಲ. ಇನ್ನು ಎಲ್ಲಿಗೆ ಸಾಗಿಸಿದರೂ ಅಂಗಡಿ ತೆರೆಯುವ ಮುನ್ನ ಎರಡು ಕೆಲಸ: ಅನಲೈಸ್, ರೀಇಂಡೆಕ್ಸ್.