ಆಯಿಯ ಟ್ರಂಕು, ಮೋಡದ ಫೋಲ್ಡರು

ಬಹಳ ದಿನವಾಯ್ತು ಇಲ್ಲಿ ಬರೆದು. ಕ್ಷಮಿಸಿ, ಆಫೀಸಿನಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಅದರ ಕಥೆಯೇ ಇದು...

ನಮ್ಮ ವೆಬ್‌ಸೈಟು ಕ್ಲೌಡಿನ ಮೂರು ಸರ್ವರ್‌ಗಳಲ್ಲಿ ಓಡುತ್ತದೆ. ಒಂದಕ್ಕೆ ಏರಿಸಿದ ಫೈಲು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಇದಕ್ಕೆ ಹಳೆಯ ಮದ್ದು ಎನ್ಎಫ್ಎಸ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಮಾಡಿದ್ದು. ಒಂದು ಯಂತ್ರದ ಫೋಲ್ಡರನ್ನು ಉಳಿದ ಯಂತ್ರಗಳು ತಮ್ಮದೇ ಡಿಸ್ಕಿನ ಹಾಗೆ ಬಳಸುತ್ತವೆ. ಯಾರ್ಯಾರಿಗೆ ಪ್ರವೇಶ ಅಂತ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಬರೆದೆ, 2049ನೇ ಪೋರ್ಟನ್ನು ನಮ್ಮ ಒಳಗಿನ ನೆಟ್‌ವರ್ಕಿಗಷ್ಟೇ ತೆರೆದೆ, ಮೂರೂ ಕಡೆ ಮೌಂಟ್ ಮಾಡಿದೆ. ಕೆಲಸ ಮಾಡಿತು! ಅದೇ ಖುಷಿಯಲ್ಲಿ ಶಿರಗುಪ್ಪಿಗೆ ಹೋದಾಗ ಕಾಕಾಗೆ ಇದನ್ನೆಲ್ಲ ವಿವರಿಸಿದೆ.

"ಅಂದ್ರ ನಿಮ್ಮಾಯಿ ಟ್ರಂಕ್ ಇದ್ದಂಗ ಅನ್ನು" ಅಂದ್ರು.

ನಮ್ಮ ಮನೆಯಲ್ಲಿ ಒಲೆ ಬೇರೆಯಾದರೂ ಟ್ರಂಕು ಒಂದೇ. ಎಲ್ಲರ ಉತಾರ, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು ಅದರಲ್ಲೇ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಆ ಟ್ರಂಕು ನದಿ ಕಡೆಯ ತೋಟದ ಮನೆಯಲ್ಲಿತ್ತು. ನೀರಿಳಿದ ಮೇಲೆ ತೆಗೆದರೆ ಎಲ್ಲಾ ಮುದ್ದೆ. ಉತಾರ ಮತ್ತೆ ಸಿಕ್ಕಿತು, ಅದು 'ಭೂಮಿ' ಕಂಪ್ಯೂಟರಿನಲ್ಲಿತ್ತಲ್ಲ. ಅಜ್ಜ ಕೈಯಾರೆ ಬರೆದ ವಾಟ್ನಿ ಚೀಟಿ ಮಾತ್ರ ಸಿಗಲಿಲ್ಲ.

"ಎಲ್ಲಾರದೂ ಒಂದ ಕಡೆ ಇಟ್ರ, ಹೋಗೂಮುಂದನೂ ಎಲ್ಲಾರದೂ ಒಮ್ಮೆಲೆ ಹೋಗತೈತಿ ತಮ್ಮಾ."

ನಾನು ನಕ್ಕೆ. ಕ್ಲೌಡಿಗೆ ಎಲ್ಲಿಯ ಪೂರ ಅಂತ!

ಮುಂದಿನ ವಾರ ಪರೀಕ್ಷೆಯ ಯಂತ್ರದಲ್ಲಿ ಕಸ ಗುಡಿಸಲು ಅಳಿಸುವ ಆಜ್ಞೆ ಕೊಟ್ಟೆ. ಅಲ್ಲಿಯೂ ಅದೇ ಫೋಲ್ಡರ್ ಮೌಂಟ್ ಆಗಿದ್ದು ಮರೆತೇಹೋಗಿತ್ತು. ಒಂದು ಕಡೆ ಅಳಿಸಿದ್ದು ಎಲ್ಲಾ ಕಡೆ ಖಾಲಿ. ಸಹೋದ್ಯೋಗಿ ಎರಡು ದಿನ ಹಿಂದೆ ತೆಗೆದಿಟ್ಟ ಪ್ರತಿ ಮಾನ ಉಳಿಸಿತು. ಆ ಎರಡು ದಿನದ ಫೈಲುಗಳಿಗಾಗಿ ಗ್ರಾಹಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಬೇಡಿದೆ. ಕೆಲವರ ಹತ್ತಿರ ಮತ್ತೊಂದು ಪ್ರತಿ ಇರಲೇ ಇಲ್ಲ.

ಹಂಚಿಕೊಂಡಿದ್ದು ಬೇರೆ, ಕಾಪಾಡಿದ್ದು ಬೇರೆ. ಈಗ ಪರೀಕ್ಷೆಯ ಯಂತ್ರಕ್ಕೆ ಬರೀ ಓದುವ ಅನುಮತಿ. ದಿನವೂ ರಾತ್ರಿ ಸ್ನ್ಯಾಪ್‌ಶಾಟ್, ಅದರ ಇನ್ನೊಂದು ಪ್ರತಿ ಬೇರೆ ಊರಿನ ಡೇಟಾ ಸೆಂಟರಿನಲ್ಲಿ. ಟ್ರಂಕಿನಲ್ಲಿ ಉಳಿದ ಕಾಗದಗಳ ಫೋಟೋ ತೆಗೆದು ಒಂದು ಪ್ರತಿ ನೆಟ್ಟಿನಲ್ಲಿ, ಒಂದು ಅಥಣಿಯ ಅತ್ತೆ ಮನೆಯ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ.

ವಾಟ್ನಿ ಚೀಟಿಯ ಜಾಗ ಮಾತ್ರ ಖಾಲಿಯೇ.

ನಿಮ್ಮ ಮನೆ ಟ್ರಂಕು ಎಲ್ಲಿದೆ? ಒಮ್ಮೆ ತೆಗೆದು ನೋಡಿ.